ಶೇಂಗಾ ಬಿತ್ತನೆಗೆ ತಾಯಿಗಿಡಗಳನ್ನು ಆರಿಸುವ ಕ್ರಮ

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳ ಮೊದಲಾದ ಗ್ರಾಮಗಳಲ್ಲಿ ಮಳೆಯನ್ನೇ ನಂಬಿ ಶೇಂಗಾ ಬೆಳೆಯುವ ಸಂಗತಿಯು ವಾಚಕರಿಗೆ ತಿಳಿದದ್ದೇ. ಮಳೆಯು ನಮ್ಮ ವಶದಲ್ಲಿಲ್ಲ. ಬೀಜವಾದರೋ ನಮ್ಮ ವಶದಲ್ಲಿರುವುದು. ಆದರೂ ಕಾಯಿಗಳನ್ನೆಲ್ಲ ಕಣದಲ್ಲಿ ಒಂದೇ ರಾಶಿ ಮಾಡಿ, ಅದರಲ್ಲಿ ದಪ್ಪವಾದವುಗಳನ್ನು ಬಿತ್ತನೆಗೆ ತೆಗೆದಿಡುವ ವಾಡಿಕೆಯುಂಟು. ರಾಶಿಗೆ ಸೇರಿದ ಕಾಯಿಯು ತಾಯಿಗಿಡದ ಗುಣವನ್ನು ತಿಳಿಸಲಾರದು. ನಾಲ್ಕೇ ಕಾಯಿ ಬಿಟ್ಟ ಗಿಡದ ಕಾಯಿಯೂ ದಪ್ಪವಾಗಿರಬಹುದು. ಆದುದರಿಂದ ಆಯ್ಕೆಯು ಹೊಲದಲ್ಲಿಯೇ, ಗಿಡವನ್ನು ನೋಡಿ ನಡೆಯತಕ್ಕದ್ದು.

ಇದರಿಂದ ಪ್ರಯೋಜನವುಂಟೆ ಎಂಬುದಕ್ಕೆ ಟಿ.ಎಂ.ವಿ. ೨ ತಳಿಯೇ ಸಾಕ್ಷಿ. ತಿಂಡಿವನದಲ್ಲಿ ಗುಡಿಯಾತ್ತಂ ಗೊಂಚಲು ಶೇಂಗಾದೊಳಗಿನ ಉತ್ತಮ ಗಿಡಗಳನ್ನು ಆರಿಸಿ, ಅವುಗಳ ಬೀಜವನ್ನು ಕೂಡಿಸಿ ಪಡೆದ ಈ ತಳಿಯು ೧೯೪೦ರಲ್ಲಿ ಬಿಡುಗಡೆಯಾಗಿ, ಕರ್ನಾಟಕದ ರೈತರಲ್ಲಿ ಬಹುಕಾಲ ಪ್ರಚಾರದಲ್ಲಿದೆ.

ಗಿಡವು ಹುಲುಸಾಗಿರುವುದಕ್ಕೆ ಬೀಜವೂ ಕಾರಣವಾಗಬಹುದು, ನೆಲವೂ ಕಾರಣವಾಗಬಹುದು. ಬದುವಿನ ಅಂಚು, ಗೊಬ್ಬರದ ಗುಪ್ಪೆ ಹಾಕಿದ್ದ ಜಾಗ, ನೀರು ನಿಲ್ಲುವ ತಗ್ಗು, ನೆರೆಯ ಗಿಡ ಸತ್ತು ತೆರವಾದ ಸ್ಥಳ, ಇಲ್ಲಿಯ ಗಿಡಗಳನ್ನು ಆರಿಸಬಾರದು. ಹೊಲದ ನಡುವೆ, ಸಮನಾದ ನೆಲದಲ್ಲಿ, ಒತ್ತಿನ ಗಿಡಗಳ ನಡುವೆಯೂ ಮೇಲಾಗಿ ಕಾಣುವ ಗಿಡವೇ ಯೋಗ್ಯವಾದುದು.

ಕೀಳುವುದಕ್ಕೆ ಮೊದಲು ಎಲೆಚುಕ್ಕೆ ರೋಗ ಕಡಿಮೆಯಿರುವ, ಕುಡಿ ಒಣಗದ, ತಳಿಗೆ ಸಹಜವಾದ ನಿಲುವುಳ್ಳ ಗಿಡಗಳಿಗೆ ದಾರ ಕಟ್ಟಬೇಕು. ಕಿತ್ತ ಮೇಲೆ ಕಾಯಿಗಳು ಬುಡದ ಸುತ್ತ ಒತ್ತಾಗಿ, ಒಂದೇ ಸಮನೆ ಬಲಿತು, ಎರಡು ತುಂಬಿದ ಬೀಜಗಳನ್ನು ಹೊಂದಿರುವುದನ್ನು ಪರೀಕ್ಷಿಸಬೇಕು. ಸಿಪ್ಪೆಯ ಒಳಮೈ ಕಪ್ಪಾಗಿದ್ದರೆ ಕಾಯಿ ಬಲಿತಿದೆಯೆಂದು ತಿಳಿಯಬಹುದು. ಜೊಳ್ಳು ಹೆಚ್ಚಾಗಿರುವ ಗಿಡವನ್ನೂ, ನೆಲದಲ್ಲಿಯೇ ಮೊಳೆತ ಕಾಯಿಯುಳ್ಳ ಗಿಡವನ್ನೂ ಬಿಡತಕ್ಕದ್ದು.

ಕಣ್ಣಿನ ತೀರ್ಪೇ ಕಡೆಯ ತೀರ್ಪಲ್ಲ. ಡೆನ್ಮಾರ್ಕಿನ ಯೋಹಾನ್ಸೆನ್ ಎಂಬ ವಿದ್ವಾಂಸರು ೧೯೦೩ರಲ್ಲಿ, ಶುದ್ಧವಾದ ಒಂದೇ ವಂಶದ ಹುರುಳಿಕಾಯಿಯಲ್ಲಿ ದಪ್ಪ ಬೀಜವನ್ನೇ ಆರಿಸಿ ಬಿತ್ತಿದರೂ ಸಂತತಿಯ ಬೀಜ ದಪ್ಪವಾಗದೆಂದು ತೋರಿಸಿಕೊಟ್ಟರು. ಬೆರಕೆಯಿರುವ ಬೀಜದಲ್ಲಿ ಮಾತ್ರ ಆಯ್ಕೆಯು ಫಲಿಸುತ್ತದೆ. ಶೇಂಗಾ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿಗಟ್ಟುವುದರಿಂದ, ಉತ್ತಮ ಗಿಡದ ಗುಣವು ಸಂತತಿಗೆ ಬರುವುದು. ಇದನ್ನು ಪರೀಕ್ಷಿಸಲು ಪ್ರತಿ ಗಿಡದ ಕಾಯಿಯನ್ನು ಬೇರೆ ಚೀಲದಲ್ಲಿಟ್ಟು, ಮುಂದಿನ ವರ್ಷ ಬೇರೆ ಬೇರೆ ಸಾಲಿನಲ್ಲಿ ಬಿತ್ತಬೇಕು. ಹತ್ತು ಸಾಲಿಗೊಂದು ಮಾಮೂಲು ಬೀಜದ ಸಾಲನ್ನು ಹೋಲಿಕೆಗಾಗಿ ಇಡಬೇಕು. ಗಿಡಕ್ಕೆ ೧೫ ಕಾಯಿ, ಕಾಯಿಗೆ ೨ ಬೀಜದಂತೆ ೧೦೦ ಗಿಡಗಳಿಂದ ೩,೦೦೦ ಬೀಜ ದೊರೆಯುವುದು. ಸಾಲಿನಿಂದ ಸಾಲಿಗೆ ೩೦, ಬೀಜದಿಂದ ಬೀಜಕ್ಕೆ ೧೦ ಸೆಂಟಿಮೀಟರು ಅಂತರವಿಟ್ಟರೆ ಇದಕ್ಕೆ ಸುಮಾರು ಒಂದು ಗುಂಟೆ ನೆಲ ಸಾಕು. ಮಾಮೂಲು ಸಾಲಿಗಿಂತ ಮೇಲಾದ ಸಾಲುಗಳನ್ನು ಮಾತ್ರ ಉಳಿಸಿಕೊಳ್ಳತಕ್ಕದ್ದು.

ಆರಿಸಿದ ಕಾಯಿಯನ್ನು ತೆಳುವಾಗಿ ಹರಡಿ ಚೆನ್ನಾಗಿ ಒಣಗಿಸಿ, ಸಿಪ್ಪೆಸಹಿತವಾಗಿಯೇ ಶೇಖರಿಸಿ, ಬಿತ್ತನೆಯ ಸಮಯ ಸಮೀಪಿಸಿದಾಗ ಕೈಯಿಂದ ಸುಲಿಯಬೇಕು. ಮುಂಚೆಯೇ ಸುಲಿದ ಬೀಜ ಬೇಗ ಮೊಳಕೆಯ ಶಕ್ತಿಯನ್ನು ಕಳೆದುಕೊಳ್ಳುವುದು.

ಒಂದು ವರ್ಷ ಮಳೆ ಕೈಕೊಟ್ಟರೆ ಬೀಜವನ್ನು ಸಾಲ ತಂದು ಕೊಳ್ಳುವ ಕಷ್ಟ ಬಡ ರೈತರದು. ಊರಿನ ಯಜಮಾನರೂ ಜಮೀನುದಾರರೂ ಒಂದೊಂದು ಗುಂಟೆಯನ್ನು ಈ ಕೆಲಸಕ್ಕೆ ಬಿಟ್ಟು, ಮೇಲಾದ ಬೀಜವನ್ನು ನೆರೆಹೊರೆಯವರಿಗೂ ಹಂಚಿದರೆ ಊರಿಗೆ ದೊಡ್ಡ ಉಪಕಾರವಾಗುವುದು.