ಚೌಕ ಎಲ್ಲಿ ಬೀಳುತ್ತದೆ? ವಿಸ್ತೀರ್ಣದಿಂದ ಅಳೆಯುವ ಸಂಭವನೀಯತೆ



ಜೇವರ್ಗಿ ತಾಲ್ಲೂಕಿನಲ್ಲಿ ನಮ್ಮ ಮಾಮು ಅವರಿಗೆ ಸುಮಾರು ಒಂದು ಎಕರೆ ತೊಗರಿ ಹೊಲ ಇದೆ. ಕಳೆದ ಹಂಗಾಮಿನಲ್ಲಿ ಹಳ್ಳದ ಕಡೆ ನೀರು ನಿಂತು ಅಲ್ಲಿನ ತೊಗರಿ ಒಣಗಿಹೋಯಿತು. ಫಸಲ್ ಬಿಮಾ ಲೆಕ್ಕಕ್ಕಾಗಿ ಬೆಳೆ ಕಟಾವು ಪ್ರಯೋಗ ಮಾಡಲು ಬಂದವರು ಒಂದು ಚೌಕ ಗುರುತಿಸಿದರು. ಅದು ಬಿದ್ದದ್ದು ಒಳ್ಳೆಯ ಬೆಳೆಯ ಮೇಲೆ. "ಬೇಕಂತಲೇ ಅಲ್ಲಿ ಹಾಕಿದರು" ಎಂದು ಮಾಮು ಸಿಟ್ಟಾದರು. ಅಮ್ಮಿ "ನಸೀಬ್" ಅಂದರು. ನಾನು ಮಾತ್ರ ಜಾಣನಂತೆ, "ಒಣಗಿದ ಕಡೆ ಬೀಳಬಹುದು, ಇಲ್ಲವೇ ಒಳ್ಳೆಯ ಕಡೆ ಬೀಳಬಹುದು. ಎರಡೇ ಸಾಧ್ಯತೆ, ಆದ್ದರಿಂದ ಅರ್ಧಕ್ಕರ್ಧ" ಅಂದೆ.

ನನ್ನ ಮಾತು ತಪ್ಪಾಗಿತ್ತು. ಎರಡು ಸಾಧ್ಯತೆಗಳು ಇದ್ದ ಮಾತ್ರಕ್ಕೆ ಅವು ಸಮಾನ ಆಗುವುದಿಲ್ಲ.

ನಾಣ್ಯ, ದಾಳಗಳ ಲೆಕ್ಕದಲ್ಲಿ ನಾವು ಫಲಿತಗಳನ್ನು ಎಣಿಸುತ್ತೇವೆ. ಹೊಲದಲ್ಲಿ ಎಣಿಸಲಾಗದಷ್ಟು ಬಿಂದುಗಳಿವೆ. ಅಲ್ಲಿ ಎಣಿಸುವ ಬದಲು ಅಳೆಯಬೇಕು:

ಸಂಭವನೀಯತೆ = ನಮಗೆ ಬೇಕಾದ ಭಾಗದ ವಿಸ್ತೀರ್ಣ ÷ ಒಟ್ಟು ವಿಸ್ತೀರ್ಣ

ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಲ್ಲಿ ಓದಿದ ಕಾಣೆಯಾದ ಹೆಲಿಕಾಪ್ಟರ್ ಲೆಕ್ಕ ನೆನಪಿದೆಯೇ? 9 ಕಿ.ಮೀ. × 4.5 ಕಿ.ಮೀ. ಪ್ರದೇಶ, ಅದರೊಳಗೆ 3 ಕಿ.ಮೀ. × 2.5 ಕಿ.ಮೀ. ಕೆರೆ. ಹೆಲಿಕಾಪ್ಟರ್ ಕೆರೆಗೆ ಬಿದ್ದಿರುವ ಸಂಭವನೀಯತೆ 7.5 ÷ 40.5, ಅಂದರೆ 5/27. ಅದರ ಮೇಲೆ ನಕ್ಷತ್ರದ ಗುರುತಿತ್ತು, ಪರೀಕ್ಷೆಗಲ್ಲ ಎಂದು. ನಾನು ಆ ಪುಟ ತಿರುವಿಬಿಟ್ಟಿದ್ದೆ.

ಈಗ ಮಾಮು ಅವರ ಹೊಲಕ್ಕೆ ಬರೋಣ. ಉದ್ದ 100 ಮೀಟರ್, ಅಗಲ 40 ಮೀಟರ್ ಎಂದು ಇಟ್ಟುಕೊಳ್ಳಿ. ವಿಸ್ತೀರ್ಣ 4000 ಚದರ ಮೀಟರ್. ಹಳ್ಳದ ಕಡೆಯ 25 ಮೀಟರ್ ಉದ್ದಕ್ಕೆ ಬೆಳೆ ಒಣಗಿದೆ: 25 × 40 = 1000 ಚದರ ಮೀಟರ್. ಕಟಾವಿನ ಚೌಕ ಅನೇಕ ಬೆಳೆಗಳಿಗೆ 5 ಮೀ. × 5 ಮೀ. ಇರುತ್ತದೆ. ಹೊಲದ ಮುಂದೆ ಅದು ಚಿಕ್ಕದು, ಲೆಕ್ಕ ಸುಲಭವಾಗಲು ಒಂದು ಚುಕ್ಕೆ ಎಂದುಕೊಳ್ಳೋಣ. ಚುಕ್ಕೆ ಒಣಗಿದ ಕಡೆ ಬೀಳುವ ಸಂಭವನೀಯತೆ 1000/4000, ಅಂದರೆ 1/4. ಒಳ್ಳೆಯ ಕಡೆ ಬೀಳುವುದು 3/4. ಯಾರೂ ಮೋಸ ಮಾಡದಿದ್ದರೂ ನಾಲ್ಕರಲ್ಲಿ ಮೂರು ಸಲ ಹೀಗೇ ಆಗುತ್ತದೆ.

ಈ ಸೂತ್ರ ನಡೆಯಲು ಒಂದು ಷರತ್ತು ಇದೆ. ಹೊಲದ ಪ್ರತಿ ಜಾಗಕ್ಕೂ ಸಮಾನ ಅವಕಾಶ ಸಿಗಬೇಕು. ಅದಕ್ಕಾಗಿಯೇ ಚೌಕವನ್ನು ಕಣ್ಣಂದಾಜಿನಲ್ಲಿ ಹಾಕುವುದಿಲ್ಲ. ಹೊಲದ ನೈರುತ್ಯ ಮೂಲೆಯಿಂದ ಉದ್ದಕ್ಕೆ ಎಷ್ಟು, ಅಗಲಕ್ಕೆ ಎಷ್ಟು ಎಂಬುದನ್ನು ಯಾದೃಚ್ಛಿಕ ಸಂಖ್ಯೆಗಳು ಹೇಳುತ್ತವೆ. 1930ರ ದಶಕದಲ್ಲಿ ಪಿ.ಸಿ. ಮಹಾಲನೋಬಿಸ್ ಬಂಗಾಳದ ಸೆಣಬಿನ ಸಮೀಕ್ಷೆಯಲ್ಲಿ ಇಂಥ ಯಾದೃಚ್ಛಿಕ ಮಾದರಿಯನ್ನೇ ಬಳಸಿದರು.

ವಿಮೆಯಲ್ಲಿ ಒಬ್ಬರ ಹೊಲವನ್ನು ಮಾತ್ರ ನೋಡುವುದಿಲ್ಲ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ಕನಿಷ್ಠ 4 ಪ್ರಯೋಗಗಳು ನಡೆಯಬೇಕು. ಪಂಚಾಯಿತಿಯ ತೊಗರಿ ಹೊಲಗಳನ್ನೆಲ್ಲ ಒಂದೇ ನಕ್ಷೆ ಎಂದುಕೊಳ್ಳಿ, ಅದರ ಕಾಲು ಭಾಗ ಹಾಳಾಗಿದೆ. ಪ್ರತಿ ಚೌಕವನ್ನೂ ಬೇರೆಯಾಗಿ ಆರಿಸಿದರೆ ಸಂಭವನೀಯತೆಗಳನ್ನು ಗುಣಿಸಬೇಕು. ನಾಲ್ಕೂ ಚೌಕಗಳು ಹಾಳಾದ ಭಾಗವನ್ನು ತಪ್ಪಿಸಿ ಬೀಳುವ ಸಂಭವನೀಯತೆ:

3/4 × 3/4 × 3/4 × 3/4 = 81/256, ಸುಮಾರು ಶೇ. 32.

ಅಂದರೆ ಹೆಚ್ಚು ಕಡಿಮೆ ಮೂರರಲ್ಲಿ ಒಂದು ಸಲ ಆ ನಷ್ಟ ಲೆಕ್ಕಕ್ಕೇ ಬರುವುದಿಲ್ಲ! ಅದೇ 16 ಚೌಕ ಹಾಕಿದರೆ ಇದು ಸುಮಾರು ಶೇ. 1ಕ್ಕೆ ಇಳಿಯುತ್ತದೆ.

ಇದನ್ನು ಕಾಗದದ ಮೇಲೆ ಬರೆದು ಮಾಮು ಅವರಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಹಾಗಾದರೆ ಆ ಮನುಷ್ಯನ ತಪ್ಪಿಲ್ಲ ಅಂತೀಯಾ ಬೇಟಾ?" ಎಂದು ಕೇಳಿದರು. "ಚೌಕ ಒಳ್ಳೆಯ ಕಡೆ ಬಿತ್ತು ಅನ್ನುವುದೊಂದರಿಂದ ಅವರ ತಪ್ಪು ಅನ್ನೋಕಾಗಲ್ಲ ಮಾಮು. ನೀವು ಕೇಳಬೇಕಾದ್ದು ಚೌಕ ಎಲ್ಲಿ ಬಿತ್ತು ಅಂತಲ್ಲ, ಒಟ್ಟು ಎಷ್ಟು ಚೌಕ ಹಾಕಿದರು ಅಂತ" ಎಂದೆ. ಮುಂದಿನ ಗ್ರಾಮಸಭೆಯಲ್ಲಿ ಅದನ್ನೇ ಕೇಳುತ್ತೇನೆ ಎಂದು ಆ ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು.

ನಿಮಗೊಂದು ಲೆಕ್ಕ: 8 ಚೌಕ ಹಾಕಿದರೆ ಎಲ್ಲವೂ ಹಾಳಾದ ಭಾಗವನ್ನು ತಪ್ಪಿಸುವ ಸಂಭವನೀಯತೆ ಎಷ್ಟು? ಉತ್ತರ ಶೇ. 10ರ ಹತ್ತಿರ ಬಂದರೆ ನಿಮ್ಮ ಲೆಕ್ಕ ಸರಿ.