ರೆಬೆಕ್ಕಳ ಉತ್ತರ

ಧೈರ್ಯವೆಂದೊಡನೆ ಸತ್ಯವೇದದ ಪಾಠಗಳಲ್ಲಿ ನಮಗೆ ಮೊದಲು ನೆನಪಾಗುವವರು ದೆಬೋರಳೂ ಎಸ್ತೇರಳೂ. ಒಬ್ಬಳು ಸೈನ್ಯದೊಡನೆ ಹೊರಟವಳು; ಇನ್ನೊಬ್ಬಳು ಕರೆಯಿಲ್ಲದೆ ಅರಸನ ಸನ್ನಿಧಿಗೆ ಹೋದವಳು. ಆದರೆ ಸೈನ್ಯವನ್ನೂ ಅರಮನೆಯನ್ನೂ ಕಾಣದ ಹೆಣ್ಣುಮಗಳಿಗೆ ಬೇಕಾದ ಧೈರ್ಯವು ಯಾವುದು? ಇದನ್ನು ತಿಳಿಯಬೇಕಾದರೆ, ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಆದಿಕಾಂಡದ 24ನೆಯ ಅಧ್ಯಾಯವನ್ನು ಮತ್ತೊಮ್ಮೆ ನಿಧಾನವಾಗಿ ಓದಿರಿ.

ಅಬ್ರಹಾಮನ ಸೇವಕನು ತನ್ನ ಧಣಿಯ ಮಗನಾದ ಇಸಾಕನಿಗೆ ಹೆಣ್ಣು ಹುಡುಕುತ್ತಾ ಹತ್ತು ಒಂಟೆಗಳೊಡನೆ ನಾಹೋರನ ಊರಿಗೆ ಬಂದು, ಹೆಂಗಸರು ನೀರಿಗೆ ಬರುವ ಸಾಯಂಕಾಲದಲ್ಲಿ ಬಾವಿಯ ಬಳಿ ನಿಂತು ಪ್ರಾರ್ಥಿಸಿದನು. ಪ್ರಾರ್ಥನೆ ಮುಗಿಯುವುದಕ್ಕೆ ಮುಂಚೆಯೇ ರೆಬೆಕ್ಕಳು ಹೆಗಲ ಮೇಲೆ ಕೊಡವನ್ನಿಟ್ಟುಕೊಂಡು ಬಂದಳು. ಅವನು ಬೇಡಿದ್ದು ತನಗೆ ಮಾತ್ರ ಸ್ವಲ್ಪ ನೀರು. ಅವಳಾದರೋ ಒಂಟೆಗಳಿಗೂ ತೃಪ್ತಿಯಾಗುವ ತನಕ ಸೇದಿಹಾಕಲು ತಾನಾಗಿಯೇ ಮುಂದಾದಳು. ನಾವು ಇದನ್ನು ಹಗುರವಾಗಿ ಓದಿ ಮುಂದೆ ಸಾಗುತ್ತೇವೆ. ಬಹುದೂರ ನಡೆದು ಬಾಯಾರಿದ ಒಂಟೆಯು ಒಮ್ಮೆಗೆ 100 ಲೀಟರಿನಷ್ಟು ನೀರನ್ನು ಕುಡಿಯಬಲ್ಲದು. ಹತ್ತು ಒಂಟೆಗಳಿಗೆ ಎಷ್ಟು ಕೊಡಗಳಾದವು, ಬಾವಿಗೂ ತೊಟ್ಟಿಗೂ ಎಷ್ಟು ಸಲ ಓಡಾಟವಾಯಿತು ಎಂಬುದನ್ನು, ಯಲಹಂಕದ ಕಡೆಯ ಹಳ್ಳಿಗಳಲ್ಲಿ ನಲ್ಲಿ ಬರುವುದಕ್ಕೆ ಮೊದಲು ನೀರು ಹೊತ್ತ ಅಜ್ಜಿಯರು ಚೆನ್ನಾಗಿ ಬಲ್ಲರು.

ಮರುದಿನ ಬೆಳಿಗ್ಗೆ ಕಠಿಣವಾದ ಘಳಿಗೆ ಬಂದಿತು. ಹಿಂದಿನ ರಾತ್ರಿಯೇ ತಂದೆಯೂ ಅಣ್ಣನೂ ಅವಳನ್ನು ಕೇಳದೆ ಮದುವೆಗೆ ಒಪ್ಪಿದ್ದರು. ಹೊರಡುವ ಹೊತ್ತಿಗೆ ತಾಯಿಯ ಕರುಳು ತಡೆಯಲಾರದೆ ಇನ್ನು ಹತ್ತು ದಿನವಾದರೂ ಹುಡುಗಿ ಇರಲೆಂದಿತು. ಸೇವಕನು ತಡಮಾಡಲೊಲ್ಲನು. ಆಗ ಅವಳನ್ನೇ ಕರೆದು ಕೇಳಿದರು. ಹೋಗುವೆನೆಂದು ಅವಳು ಹೇಳಿದಳು. ಇಬ್ರಿಯ ಮೂಲದಲ್ಲಿ ಆ ಉತ್ತರವು ಒಂದೇ ಪದವಾಗಿದೆ.

ಆ ಒಂದು ಪದದ ಭಾರವನ್ನು ಯೋಚಿಸಿ ನೋಡಿರಿ. ಅಬ್ರಹಾಮನೂ ಬಂಧುಬಳಗವನ್ನು ಬಿಟ್ಟು ಕಾನಾನಿಗೆ ಹೋದವನೇ. ಆದರೆ ಅವನಿಗೆ 75 ವರ್ಷ ವಯಸ್ಸಾಗಿತ್ತು, ದೇವರು ತಾನೇ ಮಾತಾಡಿದ್ದನು. ಈ ಹುಡುಗಿಗೆ ದರ್ಶನವಾಗಲಿಲ್ಲ, ಸ್ವರವೂ ಕೇಳಿಸಲಿಲ್ಲ. ಒಬ್ಬ ಸೇವಕನು ತನ್ನ ಪ್ರಾರ್ಥನೆ ಹೇಗೆ ನೆರವೇರಿತೆಂದು ಹೇಳಿದ ಸಾಕ್ಷಿಯೊಂದೇ ಅವಳಿಗೆ ಆಧಾರ. ನನ್ನ ಎಣಿಕೆಯಲ್ಲಿ ಅವಳ ನಂಬಿಕೆಯು ಅಬ್ರಹಾಮನದಕ್ಕಿಂತ ಕಡಿಮೆಯದಲ್ಲ. ಹೊರಟ ಮೇಲೆ ಅವಳು ತಾಯಿಯನ್ನು ಮತ್ತೆ ಕಂಡಳೆಂದು ಸತ್ಯವೇದದಲ್ಲಿ ಎಲ್ಲಿಯೂ ಬರೆದಿಲ್ಲ.

ಇದೇ ಹೆಸರುಳ್ಳ ಒಬ್ಬ ಸ್ತ್ರೀಯನ್ನು ನಮ್ಮ ಬೆಂಗಳೂರಿನ ಉತ್ತರ ಭಾಗದ ಅನೇಕ ಮನೆಗಳವರು ಬಲ್ಲರು. ಹೆಬ್ಬಾಳದಲ್ಲಿ ಬಳ್ಳಾರಿ ರಸ್ತೆಯ ಮೇಲಿರುವ ಬೆಂಗಳೂರು ಬ್ಯಾಪ್ಟಿಸ್ಟ್ ಆಸ್ಪತ್ರೆಯು 1973ರಲ್ಲಿ ಆರಂಭವಾಯಿತು. ಮರುವರ್ಷ, ಅಂದರೆ 1974ರಲ್ಲಿ, ಅಮೆರಿಕದ ಟೆಕ್ಸಾಸ್ ಪ್ರಾಂತದಿಂದ ಡಾಕ್ಟರ್ ರೆಬೆಕಾ ನೇಲರ್ ಅವರು ಶಸ್ತ್ರವೈದ್ಯೆಯಾಗಿ ಅಲ್ಲಿಗೆ ಬಂದರು. ಸ್ತ್ರೀಯರು ಶಸ್ತ್ರವೈದ್ಯವನ್ನು ಕಲಿಯುವುದು ಅವರ ದೇಶದಲ್ಲಿಯೂ ಆಗ ಅಪರೂಪವಾಗಿತ್ತು. ಜೊತೆಗಾರರಾದ ಮಿಷನರಿಗಳು ಕಾಲಕ್ರಮದಲ್ಲಿ ಹಿಂದಿರುಗಿದರೂ ಅವರು ಉಳಿದು, ಶಸ್ತ್ರಚಿಕಿತ್ಸೆಯೊಡನೆ ಆಡಳಿತದ ಹೊರೆಯನ್ನೂ ಹೊತ್ತರು. 1989ರಲ್ಲಿ ಆಸ್ಪತ್ರೆಯ ಆಡಳಿತವು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಕೈಸೇರಿತು. ಒಂಟೆಗಳಿಗೆ ನೀರು ಸೇದಿದಂತೆಯೇ ಇದೂ ಕೊಡದ ಮೇಲೆ ಕೊಡದ ಕೆಲಸ. ಅವರು ತಾಯ್ನಾಡಿಗೆ ಹಿಂದಿರುಗಿದ್ದು 2002ರಲ್ಲಿ.

1996ರಲ್ಲಿ ಅಲ್ಲಿ ಆರಂಭವಾದ ದಾದಿಯರ ಶಾಲೆಗೆ ಅವರ ಹೆಸರನ್ನಿಟ್ಟಿದ್ದಾರೆ. ಇದು ನನಗೆ ಬಹಳ ಹಿತವಾಗಿ ತೋರುತ್ತದೆ. ಏಕೆಂದರೆ ಆದಿಕಾಂಡದ ರೆಬೆಕ್ಕಳೂ ಒಬ್ಬಳೇ ಹೋಗಲಿಲ್ಲ, ಅವಳನ್ನು ಸಾಕಿದ ದಾದಿಯೂ ಜೊತೆಗೆ ಹೊರಟಳು. ಆ ದಾದಿಯ ಹೆಸರೂ ದೆಬೋರಳೇ. ಅವಳು ತೀರಿಕೊಂಡಾಗ ಬೇತೇಲಿನ ಬಳಿ ಮರದ ಕೆಳಗೆ ಸಮಾಧಿಮಾಡಿ, ಆ ಮರಕ್ಕೆ ಅಳುವಿನ ಮರವೆಂದು ಹೆಸರಿಟ್ಟರು. ದಾದಿಯೊಬ್ಬಳಿಗಾಗಿ ಇಷ್ಟು ಅತ್ತ ಮನೆಯವರು ಸಾಮಾನ್ಯರಲ್ಲ.

ರೆಬೆಕ್ಕಳು ನಿರ್ದೋಷಿಯೆಂದು ನಾನು ಹೇಳುವುದಿಲ್ಲ. ಮುಂದೆ ಅವಳು ಕಣ್ಣು ಮಬ್ಬಾದ ಗಂಡನನ್ನು ವಂಚಿಸಿ ಕಿರಿಯ ಮಗನಿಗೆ ಆಶೀರ್ವಾದ ದೊರಕಿಸಿದಳು. ಅದರ ಫಲವಾಗಿ ಆ ಮಗನನ್ನೇ ದೂರದೇಶಕ್ಕೆ ಕಳುಹಿಸಬೇಕಾಯಿತು. ಪಾಠ ಹೇಳುವವರು ಇದನ್ನು ಮುಚ್ಚಿಡಬಾರದು. ಬಾವಿಯ ಬಳಿಯ ಹುಡುಗಿಯೂ ಇವಳೇ.

ದಾದಿಯರ ತರಬೇತಿಗೆ ಅರ್ಜಿ ಹಾಕುವ ತಿಂಗಳುಗಳಲ್ಲಿ ತಂದೆಯರು ನಮ್ಮ ಬಳಿಗೆ ಬಂದು, ಹುಡುಗಿಯನ್ನು ಅಷ್ಟು ದೂರ ಕಳುಹಿಸಬಹುದೇ ಎಂದು ಕೇಳುವುದುಂಟು. ಅವಳನ್ನು ಕೇಳಿದಿರಾ ಎಂದು ನಾನು ಕೇಳುತ್ತೇನೆ. ಅನೇಕರು ಸುಮ್ಮನಾಗುತ್ತಾರೆ. ಒಬ್ಬರು ಮಾತ್ರ ತಡಮಾಡದೆ ಎದ್ದು, ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಮಗಳನ್ನು ಒಳಕ್ಕೆ ಕರೆದರು.