ಸಿಂಗಳೀಕಕ್ಕಾಗಿ ಸೊಪ್ಪಿನಬೆಟ್ಟದಲ್ಲಿ ಮರ ಬೆಳೆಸುವ ಕ್ರಮ

ಪಶ್ಚಿಮಘಟ್ಟಗಳ ಮಳೆಕಾಡನ್ನು ಬಿಟ್ಟು ಲೋಕದಲ್ಲಿ ಮತ್ತೆಲ್ಲಿಯೂ ಸ್ವಾಭಾವಿಕವಾಗಿ ವಾಸಿಸದ ಸಿಂಗಳೀಕವು ಇಂದು ಅಳಿವಿನ ಭೀತಿಗೆ ಸಿಲುಕಿರುವ ಪ್ರಾಣಿ. ಇದರ ರಕ್ಷಣೆಗೆಂದು 2011ರಲ್ಲಿ ಅಘನಾಶಿನಿ ಕಣಿವೆಯಲ್ಲಿ ಸಂರಕ್ಷಿತ ಪ್ರದೇಶವು ಘೋಷಿತವಾಯಿತಾದರೂ, ಶಿರಸಿ, ಸಿದ್ದಾಪುರ, ಹೊನ್ನಾವರಗಳ ಸೀಮೆಯಲ್ಲಿ ಕಾಡೂ ತೋಟವೂ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ, ಈ ಜೀವಿಯ ಭವಿಷ್ಯವು ಅಡಕೆ ಕೃಷಿಕರು ತೋಟಕ್ಕೆ ಸೊಪ್ಪು ತರುವ ಕಾಡುಭೂಮಿಗಳಾದ ಸೊಪ್ಪಿನಬೆಟ್ಟಗಳನ್ನೂ ಅವಲಂಬಿಸಿದೆ.

ಸಿಂಗಳೀಕವು ನೆಲಕ್ಕಿಳಿಯುವುದು ಅಪೂರ್ವ. ಹಣ್ಣುಗಳೂ ಕೀಟಗಳೂ ಅದರ ಮುಖ್ಯಾಹಾರ. ಆದಕಾರಣ ಕೊಂಬೆಗೆ ಕೊಂಬೆ ತಾಗುವ ಅವಿಚ್ಛಿನ್ನವಾದ ಹಂದರವೂ, ಋತು ಋತುವಿಗೆ ಬೇರೆ ಬೇರೆಯಾಗಿ ಫಲಿಸುವ ಮರಗಳೂ ಅದಕ್ಕೆ ಅವಶ್ಯಕ. ಪರದೇಶದ ಅಕೇಶಿಯಾವೊಂದನ್ನೇ ಸಾಲುಗಟ್ಟಿ ನೆಟ್ಟಲ್ಲಿ ಹಸುರು ಬೇಗನೆ ಕಂಡೀತಲ್ಲದೆ ಈ ಆಹಾರವೈವಿಧ್ಯವು ಸಿದ್ಧಿಸದು. ಹಲಸು, ಹೆಬ್ಬಲಸು, ವಾಟೆ, ನೇರಳೆ, ಅತ್ತಿ, ಉಪ್ಪಾಗೆ, ಮುರುಗಲು ಇವುಗಳನ್ನು ಬೆರೆಸಿ ನೆಡುವುದೂ, ಹಳ್ಳದ ತೇವವಿರುವೆಡೆ ರಾಮಪತ್ರೆಗೆ ಸ್ಥಾನ ಕೊಡುವುದೂ ಯುಕ್ತ.

ಹಲಸು, ರಾಮಪತ್ರೆಗಳ ಬೀಜವು ಒಣಗಿದರೆ ಮೊಳಕೆಯ ಶಕ್ತಿಯನ್ನು ಕಳೆದುಕೊಳ್ಳುವುದರಿಂದ ಹಣ್ಣಿನಿಂದ ಬಿಡಿಸಿದೊಡನೆಯೇ ಬಿತ್ತತಕ್ಕದ್ದು. ಉಪ್ಪಾಗೆಯ ಬೀಜವಾದರೋ ಮೊಳೆಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅದರಲ್ಲಿ ಗಂಡುಮರ ಹೆಣ್ಣುಮರಗಳು ಬೇರೆಯಾಗಿರುವುದರಿಂದ ಫಲದಾಯಕವಾದ ಹೆಣ್ಣುಮರದ ಕಸಿಗಿಡಗಳನ್ನೂ ಜೊತೆಗೆ ನೆಡುವುದು ಲೇಸು. ಒಂದೂವರೆ ಅಡಿ ಉದ್ದಗಲ ಆಳದ ಗುಣಿಯನ್ನು ಬೇಸಗೆಯಲ್ಲಿಯೇ ತೆಗೆದು, ಕೊಟ್ಟಿಗೆ ಗೊಬ್ಬರವನ್ನು ಮೇಲ್ಮಣ್ಣಿನೊಡನೆ ಬೆರೆಸಿ ತುಂಬಿ, ಮಳೆ ಹಿಡಿದೊಡನೆ ಸಸಿಯನ್ನು ನೆಡಬೇಕು. ಬುಡಕ್ಕೆ ದರಕಿನ, ಎಂದರೆ ಒಣಗಿದ ಎಲೆಗಳ, ಹೊದಿಕೆ, ದನಗಳು ಮೇಯದಂತೆ ಬೇಲಿ, ಬೇಸಗೆಗೆ ಮುಂಚೆ ಸುತ್ತಲೂ ಬೆಂಕಿರೇಖೆ, ಇವು ಮೊದಲ ಕೆಲವು ವರ್ಷ ತಪ್ಪಬಾರದು. ತಾವಾಗಿ ಹುಟ್ಟಿದ ಕಾಡುಸಸಿಗಳನ್ನು ಕಡಿಯದೆ ಉಳಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆಯೇ.

ಉಪ್ಪಾಗೆಯನ್ನು ಕೊಯ್ಯುವಾಗ, ಎಳೆಗಾಯಿಗಳಿಗಾಗಿ ಕೊಂಬೆಯನ್ನೇ ಕಡಿಯುವ ರೂಢಿಯು ಮರಕ್ಕೂ ಸಿಂಗಳೀಕಕ್ಕೂ ಕೃಷಿಕನ ಮುಂದಿನ ಫಸಲಿಗೂ ಸಮಾನವಾಗಿ ಹಾನಿಕರ. ಬಲಿತ ಹಣ್ಣನ್ನು ಮಾತ್ರ ಆರಿಸಿ, ಒಂದಂಶವನ್ನು ಮರದಲ್ಲಿಯೇ ಬಿಡತಕ್ಕದ್ದು.

ಎಲ್ಲಿಂದ ಆರಂಭಿಸಬೇಕೆಂಬುದು ಮುಖ್ಯ. ಬೆಟ್ಟದ ನಡುವೆ ಅಲ್ಲೊಂದು ಇಲ್ಲೊಂದು ಮರ ನೆಡುವುದಕ್ಕಿಂತ, ಕಾಡಿಗೆ ತಾಗಿರುವ ಅಂಚಿನಲ್ಲಿ ಹಂದರವು ಕಡಿದುಹೋಗಿರುವ ತೆರಪನ್ನು ಮೊದಲು ತುಂಬುವುದೂ, ನೆರೆಯ ಬೆಟ್ಟದವರು ಅದೇ ಸಾಲನ್ನು ಮುಂದುವರಿಸುವುದೂ ಹೆಚ್ಚು ಫಲಪ್ರದ. ತೋಟಕ್ಕೆ ಸೊಪ್ಪು ದರಕುಗಳನ್ನೂ ಮನೆಗೆ ಮುರುಗಲು ಉಪ್ಪಾಗೆಗಳನ್ನೂ ಒದಗಿಸುವ ಆ ಮರಗಳೇ ಸಿಂಗಳೀಕಕ್ಕೆ ಅನ್ನವೂ ಹಾದಿಯೂ ಆಗುವುದರಿಂದ, ಬರುವ ಮಳೆಗಾಲಕ್ಕೆ ಮುನ್ನ ನೆರೆಹೊರೆಯವರು ಕೂಡಿ ತಮ್ಮ ಬೆಟ್ಟಗಳನ್ನು ಒಮ್ಮೆ ಸುತ್ತಿ ತೆರಪುಗಳನ್ನು ಗುರುತಿಸಿಕೊಳ್ಳಲಿ.